ಎಳೆಯ ತುದಿ

ಗೂಡು ಬೇಯುವ ವಾಸನೆ ಬಂತೆಂದರೆ
ಶಿಡ್ಲಘಟ್ಟದಲ್ಲಿ ಐದಾಯಿತೆಂದು ಲೆಕ್ಕ.
ಬಾಯಲ್ಲಿ ಕಡ್ಡಿ ಕಚ್ಚಿ
ಒಂದೊಂದೇ ಅಕ್ಷರ ಕುಟ್ಟುತ್ತೇನೆ:
ಇಲಿ ಹದಿನೇಳು, ಎಡ ಹಿಂಗಾಲು, ಅಲುಗಿತೇ?
ಲ್ಯಾಬಿನ ವಿಡಿಯೋ ಒಂಬತ್ತು ಸಲ ನೋಡಿದರೂ
ಪ್ರಶ್ನೆಚಿಹ್ನೆ ಅಳಿಸಲು ಧೈರ್ಯವಿಲ್ಲ.

ಪಕ್ಕದ ಶೆಡ್ಡಲ್ಲಿ ಫರ್ಜಾನಕ್ಕ
ಬಿಸಿನೀರಿಗೆ ಬೆರಳದ್ದಿ ತುದಿ ಹುಡುಕುತ್ತಾಳೆ.
"ಕಣ್ಣಿಗೆ ಕಾಣಲ್ಲಮ್ಮ, ಬೆರಳಿಗೇ ಗೊತ್ತಾಗೋದು"
ಅಂದವಳು ಒಮ್ಮೆ ನನ್ನ ಕೈ ನೋಡಿ
ನಾಲಿಗೆ ಕಚ್ಚಿಕೊಂಡಿದ್ದಳು.

ಅವಳ ಎಳೆಯನ್ನೇ
ಇಲಿಯ ಬೆನ್ನುಹುರಿಗೆ ಹಾಸಿದ್ದೇವೆ.
ನನ್ನ ಕುತ್ತಿಗೆಯಲ್ಲೂ ಇವೆ ಎರಡು ತುದಿ,
ನಡುವೆ ಅಕ್ಕಿಕಾಳಿನಷ್ಟು ದೂರ.

ವಾಸಿಯಾದರೆ ಮೊದಲು ನಡೀತೀಯಾ?
ಬಂದವರೆಲ್ಲ ಕೇಳುತ್ತಾರೆ.
ನಡೆಯುವುದು ಹಾಗಿರಲಿ.
ಮೂಗಿನ ಮೇಲೆ ಈಗ ಕೂತಿದೆ
ಶೆಡ್ಡಿನದೊಂದು ಕೊಬ್ಬಿದ ನೊಣ.
ಅಕ್ಕ ಕೈ ಒರೆಸಿಕೊಂಡು ಬರುವವರೆಗೆ
ಮೆಳ್ಳೆಗಣ್ಣು ಮಾಡಿ ಅದರ ಕಾಲೆಣಿಸುತ್ತೇನೆ:
ಆರೂ ಕೆಲಸ ಮಾಡುತ್ತಿವೆ.