ಕೆಂಪು ಕಂಬ

ಮಾವಿನ ಕೊಂಬೆಗೆ ತಕ್ಕಡಿ ಕಟ್ಟುತ್ತೇನೆ,
ತಿಂಗಳ ಮೊದಲ ಮಂಗಳವಾರ.
ತಕ್ಕಡಿಯೆಂದರೆ ಗಡಿಯಾರದಂಥ ಒಂದು ಮುಖ, ಅದರಡಿ ಕೊಕ್ಕೆ,
ಕೊಕ್ಕೆಗೆ ನೀಲಿ ಬಟ್ಟೆಯ ಚಡ್ಡಿ.
ಅದರೊಳಗೆ ಕಾಲು ತೂರಿಸಿದ್ದೇ ತಡ
ಮಲಾವಿ ಸರೋವರದ ದಂಡೆಯ ಅಷ್ಟೂ ಕೂಸುಗಳು
ಒಂದೇ ರಾಗದಲ್ಲಿ ಕಿರುಚುತ್ತವೆ.
ಮುಳ್ಳು ತಲೆಯಾಡಿಸುತ್ತದೆ: ಇಲ್ಲ, ಇಲ್ಲ, ಹೂಂ —
ನಿಂತಿತು. ಏಳೂವರೆ.

ಏಳೂವರೆಯನ್ನು ಚುಕ್ಕಿ ಮಾಡುತ್ತೇನೆ.
ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಕಿಲೋ,
ಎರಡೂ ಸಂಧಿಸುವ ಚೌಕದಲ್ಲಿ ಒಂದು ಮಗು,
ಸಾಸಿವೆಯಷ್ಟು.

ಹೊಳೆ ದಾಟಿ ಬರುವ ಎಸ್ನಾಟಿಗೆ ಓದು ಬಾರದು.
ಗೀಟು ಬರುತ್ತದೆ.
ಯಾಂಕೋನ ಪುಸ್ತಕವನ್ನು ಮಂಡಿಯ ಮೇಲೆ ಬಿಡಿಸಿ
ಒಣಮೀನಿನ ವಾಸನೆಯ ಬೆರಳನ್ನು ನಡೆಸುತ್ತಾಳೆ —
ಇದು ಅವನು ಕೂರಲು ಕಲಿತದ್ದು, ಇದು ಮಲೇರಿಯಾ,
ಇಲ್ಲಿ ನನ್ನ ತಂಗಿ ಬಂದಿದ್ದಳು, ಕಡಲೆಕಾಯಿ ತಂದಿದ್ದಳು,
ಇದು ಜನವರಿ.
ಜನವರಿಗೆ ವಿವರಣೆ ಬೇಡ.
ಹಳೆಯ ಮುಸುಕಿನ ಜೋಳ ಮುಗಿದು, ಹೊಸತು ಇನ್ನೂ ಮೊಣಕಾಲೆತ್ತರ;
ಗೀಟು ಗಾಳಿಯಿಲ್ಲದ ಸರೋವರದ ಹಾಗೆ ಮಲಗುತ್ತದೆ.

ಯಾಂಕೋ ಎಂದರೆ ಉತ್ತರ.
ಯಾವ ಪ್ರಶ್ನೆಗೆ ಎಂದು ನಾನು ಕೇಳಿಲ್ಲ.

ಸಂಜೆ, ಚುಕ್ಕಿಗಳನ್ನೆಲ್ಲ ಎಣಿಸಿ
ಗೋಡೆಯ ಹಾಳೆಯಲ್ಲಿ ಕಂಬ ನಿಲ್ಲಿಸುವ ಕೆಲಸ.
ಹಸಿರು ಚೆನ್ನಾಗಿರುವವರಿಗೆ, ಹಳದಿ ಕಣ್ಣಿಡಬೇಕಾದವರಿಗೆ.
ಕೆಂಪು ಪೆನ್ನು ನವೆಂಬರಿನಲ್ಲೇ ಸೊರಗಿತ್ತು,
ಉಗುಳು ಹಚ್ಚಿ ಬರೆಯುತ್ತೇನೆ.
ಜನವರಿ: ನೂರಕ್ಕೆ ಇಪ್ಪತ್ತು.
ಫೆಬ್ರವರಿ: ನೂರಕ್ಕೆ ಹನ್ನೊಂದು.

ಮೋಟಾರುಸೈಕಲ್ಲಿನಲ್ಲಿ ಬಂದ ಮ್ಲೆಂಗಾ ಸಾಹೇಬರು
ಹೆಲ್ಮೆಟ್ಟು ತೆಗೆಯುವ ಮುಂಚೆಯೇ ಫೋನು ತೆಗೆದರು.
'ಅರ್ಧಕ್ಕರ್ಧ ಇಳಿದಿದೆ! ಏನು ಮಾಡಿದಿರಿ, ಮೇಡಂ?
ಜಿಲ್ಲಾ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಬೇಕು.'

ನಾನೇನೂ ಮಾಡಲಿಲ್ಲ. ಮಾಡಿದ್ದು ಹೊಳೆ.
ಮೂರನೇ ತಾರೀಕಿನ ರಾತ್ರಿ ಮರದ ಸೇತುವೆಯನ್ನು ಹೊತ್ತು ಹೋಯಿತು.
ಜನವರಿಯಲ್ಲಿ ತೂಗಿದ್ದು ನೂರ ನಲವತ್ತಮೂರು,
ಈಗ ಅರವತ್ತೊಂದು.
ಆಚೆ ದಡದ ಮೂರು ಕೇರಿಗಳಿಂದ ಒಬ್ಬರೂ ಬರಲಿಲ್ಲ,
ಕೆಂಪಿನವರು ಬಹುಪಾಲು ಅಲ್ಲಿಯವರೇ.
ಕಂಬ ಸುಳ್ಳಾಡಿಲ್ಲ, ಸಾಹೇಬರೇ.
ಬಂದವರ ಬಗ್ಗೆ ಕೇಳಿದೆ,
ಬಂದವರ ಬಗ್ಗೆ ಹೇಳಿತು.

ಅವರು ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು.
ಕೆಟ್ಟ ಮನುಷ್ಯರಲ್ಲ.
ಅವರಿಗೂ ಮೇಲಿನವರಿದ್ದಾರೆ, ಮೇಲಿನವರಿಗೆ ಪರದೆ.
'ಬರದವರಿಗೆ ನಮೂನೆಯಲ್ಲಿ ಜಾಗವಿಲ್ಲವಲ್ಲ,' ಎಂದರು.

ಆ ರಾತ್ರಿ ಸ್ಕೇಲು ಹಿಡಿದು ಫೆಬ್ರವರಿಯ ಪಕ್ಕ
ಪೆನ್ಸಿಲಿನಲ್ಲಿ ಇನ್ನೊಂದು ಕಂಬ ಕಟ್ಟಿದೆ.
ನೂರರ ಲೆಕ್ಕ ಬಿಟ್ಟು ತಲೆಯ ಲೆಕ್ಕ: ಎಂಬತ್ತೆರಡು.
ಬಣ್ಣವಿಲ್ಲ, ಬರೀ ಅಂಚು.
ಐವತ್ತಕ್ಕೇ ಮುಗಿಯುವ ಹಾಳೆ ಸಾಲದೆ
ಸುಣ್ಣದ ಗೋಡೆಯ ಮೇಲೂ ಹತ್ತಿತು.
ಬಾಗಿಲಿಲ್ಲದ ಮನೆಯ ಹಾಗೆ ಕಂಡಿತು —
ಒಳಗೆ ಯಾರೋ ಇದ್ದಾರೆ, ಕರೆದರೆ ಓಗೊಡುವುದಿಲ್ಲ.

ಮಾರ್ಚಿಗೆ ತಕ್ಕಡಿಯನ್ನು ಮೀನಿನ ದೋಣಿಗೆ ಹಾಕಿದೆವು,
ಅದರ ಮುಖಕ್ಕೆ ಪ್ಲಾಸ್ಟಿಕ್ಕು ಸುತ್ತಿ.
ಆಚೆ ಮಾವಿರಲಿಲ್ಲ; ಬಲೆ ಒಣಹಾಕುವ ಗಳಕ್ಕೆ ಕಟ್ಟಿದೆ.
ಯಾಂಕೋ ಈ ಸಲ ಕಿರುಚಲಿಲ್ಲ.
ಅದು ನನಗೆ ಹಿಡಿಸಲಿಲ್ಲ.

ಚುಕ್ಕಿ ಇಟ್ಟೆ.
ಜನವರಿಗೂ ಮಾರ್ಚಿಗೂ ನಡುವೆ ಫೆಬ್ರವರಿ ಬೆಳ್ಳಗಿತ್ತು.
ಗೀಟೆಳೆದರೆ ಕೂಡುತ್ತದೆ, ಯಾರೂ ಕೇಳುವುದಿಲ್ಲ.
ಆದರೆ ಆ ತಿಂಗಳು ನನಗೆ ಗೊತ್ತಿಲ್ಲ.
ಪೆನ್ನೆತ್ತಿದೆ.

ಎಸ್ನಾಟಿ ಬೆರಳು ನಡೆಸುತ್ತ ಬಂದಳು —
ಕೂತದ್ದು, ಮಲೇರಿಯಾ, ತಂಗಿ, ಜನವರಿ —
ಬಿಳಿಯ ಅಂಚಿಗೆ ಬಂದು ನಿಂತಳು.
ನನ್ನ ಮುಖ ನೋಡಿದಳು. ಹೊಳೆಯ ಕಡೆ ನೋಡಿದಳು.
ಆಮೇಲೆ, ಕಲ್ಲಿಂದ ಕಲ್ಲಿಗೆ ಕಾಲಿಡುವವಳ ಹಾಗೆ,
ಬೆರಳನ್ನೆತ್ತಿ
ಆಚೆಗಿಟ್ಟಳು,
ಎರಡು ಚೌಕ ಕೆಳಗೆ.