ಒಂದು ಕಿವಿಯಷ್ಟು

ಮೂವತ್ತು ವರ್ಷ ಕಂಸಾಳೆ ಬೀಸಿದ ಕೈ ಇದು.
ಮಳವಳ್ಳಿಯಿಂದ ಬನ್ನೂರಿನ ತನಕ
ನನ್ನ ತಾಳ ಕೇಳದ ಜಗಲಿಯಿಲ್ಲ ಎಂದು
ಮೀಸೆಯ ಮೇಲೆ ಬೆರಳಿಟ್ಟು ಹೇಳುತ್ತಿದ್ದೆ.
ಈಗ ತಂಗಿಯ ಮನೆಗೆ ಹೋಗುವಾಗ
ಚಪ್ಪಲಿ ಬೀದಿಯಲ್ಲೇ ಬಿಡುತ್ತೇನೆ,
ಬಾಗಿಲ ಚಿಲಕವನ್ನು
ಮಲಗಿದ ಹಾವನ್ನು ಎತ್ತಿದ ಹಾಗೆ ಎತ್ತುತ್ತೇನೆ.

ಒಳಗೆ ಮನ್ವಿತ್, ಎಂಟು ವರ್ಷದ ಸೋದರಳಿಯ.
ಕುಕ್ಕರ್ ಕೂಗಿದರೆ ಮಂಚದ ಕೆಳಗೆ.
ಪಂಪ್‌ಸೆಟ್ ಶುರುವಾದರೆ ಗೋಡೆಯ ಮೂಲೆ.
ಕಬ್ಬಿನ ಲಾರಿ ಹಾರನ್ ಹೊಡೆದ ದಿನ
ಇಡೀ ಮಧ್ಯಾಹ್ನ ಅನ್ನ ಮುಟ್ಟುವುದಿಲ್ಲ.
ಮೈಸೂರಿನ ಡಾಕ್ಟರಮ್ಮ ಹೇಳಿದರಂತೆ:
ಕಿವಿ ಸರಿಯಾಗೇ ಇದೆ, ಅದಕ್ಕೆ ಬಾಗಿಲಿಲ್ಲ ಅಷ್ಟೆ.
ಮೆಲ್ಲಗಿನ ಹಾಡು ಕೇಳಿಸಿ ನೋಡಿ,
ಮೈಕಿಲ್ಲದ್ದು, ನಿಮ್ಮೂರಿನದೇ ಆದೀತು.

ಚೆಲುವಿ ನನ್ನ ಮುಖ ನೋಡಿದಳು.
ಹಾಡು ಅಂದರೆ ನಮ್ಮ ಮನೆಯಲ್ಲಿ ನಾನೇ ತಾನೆ.

ಗೊತ್ತಿದ್ದದ್ದನ್ನೆಲ್ಲ ಮೊರದಲ್ಲಿ ಹರವಿಕೊಂಡೆ,
ಅಕ್ಕಿಯ ಕಲ್ಲು ಆರಿಸುವವರ ಹಾಗೆ.
ತಮಟೆಯದು ತೆಗೆದೆ. ನಗಾರಿಯದು ತೆಗೆದೆ.
ಕೋಲಾಟದ ಕೋಲು ಕೋಲಿಗೆ ತಾಗುವ ಮೊದಲೇ
ಹುಡುಗ ಅದುರುತ್ತಾನೆ, ತೆಗೆದೆ.
ಸೋಬಾನೆ ಉಳಿದೀತು ಅಂದುಕೊಂಡೆ,
ನಾಲ್ಕು ಹೆಂಗಸರು ಕೂಡಿದರೆ ನಲವತ್ತು ಬಳೆ.
ತೆಗೆಯುತ್ತ ತೆಗೆಯುತ್ತ ಮೊರದಲ್ಲಿ
ನನ್ನದು ಅನ್ನುವುದು ಒಂದೂ ಉಳಿಯಲಿಲ್ಲ.

ಕಿರುಗಾವಲಿನಾಚೆ ತಂಬೂರಿ ಚಿಕ್ಕಮಾದಯ್ಯ,
ಸೊಂಟ ಬಿದ್ದ ಮುದುಕ, ಕೇಳಿ ನಕ್ಕ.
‘ನಿನ್ನ ತಾಳದ ಪಕ್ಕ ಕೂತು ಹಾಡೀ ಹಾಡೀ
ನನ್ನ ದನಿ ಹರಿದದ್ದು, ಗೊತ್ತೇನ್ಲಾ?
ಇವತ್ತು ಮೆತ್ತಗಿನದು ಬೇಕಾಯ್ತು ನಿಂಗೆ.’
ಉತ್ತರ ಇರಲಿಲ್ಲ. ಎಲೆ ಅಡಿಕೆ ಮುಂದಿಟ್ಟೆ.
ಅವನು ಬಿರಡೆಯನ್ನು ಹಿಂದಕ್ಕೆ ತಿರುವಿದ,
ಇನ್ನೂ ತಿರುವಿದ,
ಉಗುರು ಬಿಟ್ಟು ಬೆರಳ ಮಾಂಸದಲ್ಲಿ ಮೀಟಿದ.
ಹತ್ತಿಯೊಳಗೆ ಜೇನುಹುಳ ಸಿಕ್ಕಿಕೊಂಡ ಸದ್ದು.
‘ಇದನ್ನ ಒಯ್ಯಿ. ಕಥೆ ಮಾತ್ರ ಹೇಳಬ್ಯಾಡ.
ಕಥೆಯೊಳಗೆ ಯಾವನಾದರೂ ಕೂಗೇ ಕೂಗ್ತಾನೆ.’

ಬನ್ನೂರಿನ ದೊಡ್ಡತಾಯಿ ರಾಗಿ ಬೀಸುವ ಪದ ಕಲಿಸಿದಳು,
ಕಲ್ಲಿಲ್ಲದೆ ಬಾಯಿಗೆ ಬರೋಲ್ಲ ಎಂದು
ಬರೀ ನೆಲದ ಮೇಲೆ ಕೈ ಸುತ್ತಿಸುತ್ತ.
ಬೀಸುವುದೇ ನನ್ನ ಕಸುಬು, ಆದರೆ ಇದು ಬೇರೆ ಬೀಸು.
ಏರಿಲ್ಲ, ಪೆಟ್ಟಿಲ್ಲ, ಹಿಟ್ಟಿನ ಹಾಗೆ ಸುತ್ತಲೂ ಉದುರುತ್ತದೆ.
ಮುಂದೆ ಬರುವುದು ಮೊದಲೇ ಗೊತ್ತಿರುತ್ತದೆ.
ಹೆದರಿದವರಿಗೆ ಬೇಕಾದದ್ದು ಅದೇ ಅಂದಳು.

ಸಂಜೆ ಕರೆಂಟು ಹೋದ ಹೊತ್ತು ನೋಡಿ
ಹಿತ್ತಿಲ ಬಾಗಿಲಲ್ಲಿ ಕೂತೆ,
ಹುಡುಗನ ಕಡೆ ಬೆನ್ನು ಮಾಡಿ.
ನಿನ್ನ ಕಣ್ಣೂ ಜೋರು ಎಂದಿದ್ದಳು ಚೆಲುವಿ.
ಮೊದಲ ಸಾಲು ಬೆಟ್ಟ ಹತ್ತುವ ಗಂಟಲಲ್ಲಿ ಬಂತು,
ನುಂಗಿದೆ. ಮತ್ತೆ ಬಂತು, ನುಂಗಿದೆ.
ಮೂರನೆಯದು ಮೂಗಿನಿಂದ ಬಂತು, ಬಿಟ್ಟೆ.
ತಂತಿ ಒಮ್ಮೆ.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಮತ್ತೊಮ್ಮೆ.
ಈ ನಡುವಿನ ಜಾಗವನ್ನು ನನಗೆ ಯಾರೂ ಕಲಿಸಿರಲಿಲ್ಲ.
ಗದ್ದೆಯಲ್ಲಿ ಕಬ್ಬಿನ ಗರಿಗೆ ಗರಿ ಉಜ್ಜುತ್ತಿತ್ತು,
ಅದನ್ನು ಮೀರಬಾರದು ಎಂದು
ಅದನ್ನೇ ಅಳತೆ ಇಟ್ಟುಕೊಂಡೆ.

ಎಷ್ಟು ಸುತ್ತು ಬೀಸಿದೆನೋ.
ಒಲೆಯ ಮುಂದಿನಿಂದ ಚೆಲುವಿಯ ಕೈಸನ್ನೆ, ನಿಲ್ಲಿಸಬೇಡ.
ಗೋಡೆಯ ಕನ್ನಡಿಯಲ್ಲಿ ಕಂಡೆ:
ಎರಡೂ ಕಿವಿ ಒತ್ತಿ ಹಿಡಿದಿದ್ದವನು
ಎಡಗೈ ಇಳಿಸಿ
ಮೊಣಕಾಲ ಮೇಲಿಟ್ಟಿದ್ದಾನೆ.
ಬಲಗೈ ಅಲ್ಲೇ ಇದೆ. ಇರಲಿ.

ಕರೆಂಟು ಬರುವುದರೊಳಗೆ
ಇನ್ನೊಂದು ಸುತ್ತು.