ದಿಡ್ಡಿ ಬಾಗಿಲಿನ ಚೀಟಿ

ಟಾಂಪೆರೆಯಲ್ಲಿ ನವೆಂಬರ್ ಎಂದರೆ
ಮಧ್ಯಾಹ್ನ ಮೂರೂವರೆಗೇ ದೀಪ.
ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ,
ಬಟ್ಟೆ ಒಗೆಯುವ ಕೋಣೆಯ ಪಕ್ಕ,
ಶನಿವಾರ ಶನಿವಾರ ನಾವು ಐವರು
ಒಂದು ಉಪ್ಪಿನ ಕೋಟೆ ಕಾಯುತ್ತೇವೆ.

ಕೋಟೆ ಎಂದರೆ ಚೌಕುಳಿ ಹಾಳೆ, ಹಳೇ ಕೋಟಿನ ಗುಂಡಿಗಳು,
ಇಪ್ಪತ್ತು ಮುಖದ ದಾಳ.
ಉಳಿದದ್ದೆಲ್ಲ ಬಾಯಿ.
ಕಥೆ ನಡೆಸುವವಳು ನಾನು: ಗಾಳಿ ನಾನು, ಹಗೆ ನಾನು,
ಬುರುಜಿನ ಮೇಲೆ ಕೂತ ಕಾಗೆಯೂ ನಾನೇ.

ಒಬ್ಬೊಬ್ಬರಿಗೆ ಒಂದೊಂದು ಹಂಬಲ ಹಂಚಿದ್ದೆ.
ಇಲ್ಟಾಗೆ ಶತ್ರುಪಾಳೆಯದಲ್ಲೊಬ್ಬ ತಮ್ಮ.
ಓಸ್ಮೋಗೆ ಯಾರು ಗೆದ್ದರೂ ಸರಿಯೇ,
ಉಪ್ಪಿನ ದರ ಮಾತ್ರ ಇಳಿಯಬಾರದು.
ಪಿರ್ಕ್ಕೋ ಕೇಳಿದ್ದು ಇಷ್ಟೇ: ನನ್ನ ನಾಯಿ ಬದುಕಿರಲಿ.
ಎತ್ತು ಏರಿಗೆಳೆಯಲಿ, ಕೋಣ ನೀರಿಗೆಳೆಯಲಿ,
ನೊಗ ಮುರಿಯದಿದ್ದರೆ ಸಾಕು ಅಂದುಕೊಂಡೆ.

ಟೂರೆಗೆ ಮಾತ್ರ,
ಔಷಧದಂಗಡಿಯ ರಸೀತಿ ಹಿಂದೆ,
ನಾಲ್ಕೇ ಪದ ಬರೆದು ಮೇಜಿನಡಿ ದಾಟಿಸಿದೆ:
ದಿಡ್ಡಿ ಬಾಗಿಲು ತೆರೆಯುವವನು ನೀನು.

ಟ್ರಾಮ್ ಓಡಿಸುವವ ಅವನು,
ಹಳದಿ ದೀಪಕ್ಕೇ ನಿಲ್ಲುವವ.
ಸುಳ್ಳಾಡಿದರೆ ಕಿವಿ ಕೆಂಪಾಗುತ್ತದೆ.
ಅಂದಿನಿಂದ ಉಣ್ಣೆಯ ಟೋಪಿ ತೆಗೆಯಲಿಲ್ಲ.
ಚಳಿ, ಅಂದ,
ಒಣಗಿಸುವ ಯಂತ್ರದ ಬಿಸಿಗೆ ನಾವೆಲ್ಲ ತೋಳು ಮಡಚಿ ಕೂತಿರುವಾಗ.

ನಾಲ್ಕು ವಾರ ಅವನಂಥ ಕಾವಲುಗಾರ ಇನ್ನೊಬ್ಬನಿಲ್ಲ.
ಗೋಡೆ ಬಿರಿದಲ್ಲಿ ಮೊದಲು ಓಡಿದ.
ಪಿರ್ಕ್ಕೋಳ ನಾಯಿಗೆ ತನ್ನ ಪಾಲಿನ ಮಾಂಸ ಹಾಕಿದ.
ಅವಳು ತನ್ನ ಏಲಕ್ಕಿ ಬನ್ನು, ನಿಜದ್ದು, ಬಿಸಿ ಬಿಸಿಯಾದದ್ದು,
ಅರ್ಧ ಮುರಿದು ಅವನ ತಟ್ಟೆಗಿಡುತ್ತಿದ್ದಳು.
ನಾನು ನೋಡುತ್ತಿದ್ದೆ.
ಚೆನ್ನಾಗಿ ಕುದಿಯುತ್ತಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಐದನೇ ಶನಿವಾರ ಅಗುಳಿ ಸರಿಯಿತು.
ಪಿರ್ಕ್ಕೋ ದಾಳ ಎಸೆದಳು. ಎರಡು.
ನಾಯಿಗಾಗಿ ಎಸೆದಳು. ಐದು.

ಪಕ್ಕದ ಕೋಣೆಯಲ್ಲಿ ಯಾರದೋ ಬಟ್ಟೆ ತಿರುಗುತ್ತಲೇ ಇತ್ತು.
ಅವಳು ಪೆನ್ಸಿಲ್ಲನ್ನು ಡಬ್ಬಿಗೆ ಹಾಕಿದಳು, ಮುಚ್ಚಳ ಹಾಕಿದಳು.
"ಆಟ ಅಂತ ನನಗೂ ಗೊತ್ತು," ಅಂದಳು.
"ಬನ್ನು ಆಟದ್ದಾಗಿರಲಿಲ್ಲ."

ಆ ರಾತ್ರಿ ಎಲ್ಲರೂ ಟೂರೆಯ ಟೋಪಿಯನ್ನೇ ನೋಡಿದರು.
ನನ್ನ ಕೈಬರಹವನ್ನು ಯಾರೂ ನೋಡಲಿಲ್ಲ.
ಉಪ್ಪುಂಡ ಮನೆಗೆ ಎರಡು ಬಗೆದವನು ಒಬ್ಬ ಸರಿ,
ಬಗೆಯೆಂದು ಬರೆದುಕೊಟ್ಟವಳು?
ಮೇಜಿನ ತುದಿಯಲ್ಲಿ ನ್ಯಾಯಾಧೀಶಳಂತೆ ಕೂತು
ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದೆ ನಾನು.

ಎರಡು ಶನಿವಾರ ಕೋಟೆ ಖಾಲಿ.
ಮೂರನೆಯದಕ್ಕೆ ನಾನೇ ಮೆಟ್ಟಿಲು ಹತ್ತಿ
ನಾಲ್ಕು ಬಾಗಿಲು ತಟ್ಟಿದೆ.
ಹೇಳಲು ಇದ್ದದ್ದು ಒಂದೇ ಮಾತು:
ಗುಟ್ಟು ಬೇಕಾದರೆ ಕೋಟೆಯವರಿಗಿರಲಿ,
ಕುರ್ಚಿಯಲ್ಲಿ ಕೂತವರಿಗೆ ಬೇಡ.
ಯಾರಿಗೆ ಯಾವುದು ನೋಯುತ್ತದೆ, ಮೊದಲು ಕೇಳೋಣ.
ಕೇಳಬೇಕಿತ್ತು ನಾನು.
ಓಸ್ಮೋ, ಹಾಗಾದರೆ ಮಜಾ ಏನು ಉಳೀತು, ಎಂದ.
ಗೊತ್ತಿಲ್ಲ, ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಪಿರ್ಕ್ಕೋ ಬಂದಳು, ಎಲ್ಲರಿಗಿಂತ ತಡವಾಗಿ.
ಕೋಟು ಕಳಚದೆ ಮೇಜಿನ ಮೇಲೆ ಅಂಗೈ ಚಾಚಿದಳು.
"ಈ ಸಲದ ಚೀಟಿ ನನಗೆ."
ಜೋರಾಗಿ ಓದಿದಳು, ನಾಲ್ಕೂ ಪದ.

ಈಗ ಎಲ್ಲರಿಗೂ ಗೊತ್ತು.
ಆದರೂ ಹೊಸ ಕೋಟೆಯ ಕತ್ತಲಲ್ಲಿ
ಅವಳು ಅಗುಳಿಯತ್ತ ಕೈ ನೀಡಿದಾಗ
ಓಸ್ಮೋನ ಕಪ್ಪು ತುಟಿಗೆ ತಲುಪದೆ ನಿಂತಿತು,
ಇಲ್ಟಾ ತನ್ನ ತಮ್ಮನನ್ನೂ ಮರೆತಳು.

ಪಿರ್ಕ್ಕೋ ನನ್ನತ್ತ ನೋಡಲಿಲ್ಲ.
"ಕಾವಲಿಗೆ ಯಾರಿದ್ದಾರೆ?" ಕೇಳಿದಳು.

"ನಾನಿದ್ದೇನೆ," ಎಂದ ಟೂರೆ.
ತಲೆಯ ಮೇಲೆ ಟೋಪಿ ಇರಲಿಲ್ಲ.
ಕಿವಿ ಕೆಂಪಗಿತ್ತು.